ಹಾರ್ಮೋನು, ಗೆಲುವು, ಮೇಲುಗೈ: ಇಂತಹ ಸುದ್ದಿಯನ್ನು ತೂಗಿ ನೋಡುವ ಕ್ರಮ

ಟೆಸ್ಟೋಸ್ಟಿರಾನ್ ಹೆಚ್ಚಿದ್ದವರು ನಾಯಕರಾಗುತ್ತಾರೆ, ಕಾರ್ಟಿಸಾಲ್ ಹೆಚ್ಚಿದ್ದವರು ಹಿಂದೆ ಬೀಳುತ್ತಾರೆ ಎಂಬ ಧಾಟಿಯ ಬರಹಗಳೂ ಯೂಟ್ಯೂಬ್ ಭಾಷಣಗಳೂ ಈಗ ಧಾರಾಳವಾಗಿ ಸಿಗುತ್ತವೆ. ಇವೆಲ್ಲ ಪೂರ್ತಿ ಕಟ್ಟುಕತೆಗಳಲ್ಲ. ಬಹುಪಾಲು ಇವುಗಳ ಹಿಂದೆ ಎಲ್ಲೋ ಒಂದು ನಿಜವಾದ ಪ್ರಯೋಗ ಇದ್ದೇ ಇರುತ್ತದೆ; ಆದರೆ ಪ್ರಯೋಗ ಹೇಳಿದ್ದಕ್ಕೂ ಬರಹ ಹೇಳುವುದಕ್ಕೂ ನಡುವೆ ಬಹಳ ಅಂತರ ಉಂಟಾಗಿರುತ್ತದೆ. ಅಂತಹ ಒಂದು ಸುದ್ದಿ ಕೈಗೆ ಬಂದಾಗ ಅದರಲ್ಲಿ ನಂಬಬಹುದಾದದ್ದು ಎಷ್ಟು ಎಂಬುದನ್ನು ವೈದ್ಯಕೀಯ ಪದವಿ ಇಲ್ಲದವರೂ ನಿರ್ಧರಿಸಿಕೊಳ್ಳಲು ಯಾವ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರಶ್ನೆಗಳಿಗೆ ಹೋಗುವ ಮೊದಲು ವಸ್ತುವಿನ ಪರಿಚಯ ಸ್ವಲ್ಪ ಬೇಕು. ಟೆಸ್ಟೋಸ್ಟಿರಾನ್ ಕೊಲೆಸ್ಟರಾಲ್‌ನಿಂದ ತಯಾರಾಗುವ ಸ್ಟೀರಾಯ್ಡ್ ಹಾರ್ಮೋನು. ಗಂಡಸರಲ್ಲಿ ಇದು ಮುಖ್ಯವಾಗಿ ವೃಷಣಗಳಲ್ಲಿಯೂ, ಹೆಂಗಸರಲ್ಲಿ ಅಂಡಾಶಯ ಮತ್ತು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಮೂಲಕವೂ ಉತ್ಪತ್ತಿಯಾಗುತ್ತದೆ. ವಯಸ್ಕ ಗಂಡಸಿನ ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ ಇದ್ದರೆ ಅದು ಸಾಮಾನ್ಯ ಮಟ್ಟ. ಹೆಂಗಸಿನ ರಕ್ತದಲ್ಲಿ ಅದು 70ನ್ನು ದಾಟುವುದು ಅಪರೂಪ. ಅದರಲ್ಲಿಯೂ ಶೇಕಡ 2ರಷ್ಟು ಮಾತ್ರ ಸ್ವತಂತ್ರವಾಗಿ ಓಡಾಡುತ್ತಿದ್ದು, ಉಳಿದದ್ದು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಕಾರ್ಟಿಸಾಲ್ ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಬರುತ್ತದೆ. ಅದನ್ನು ಒತ್ತಡದ ಹಾರ್ಮೋನು ಎಂದು ಕರೆಯುವುದು ರೂಢಿಯಾದರೂ, ಬೆಳಿಗ್ಗೆ ಎದ್ದ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಅದು ಹೆಚ್ಚಿನವರಲ್ಲಿ ಏರುತ್ತದೆ. ಅಂದಮಾತ್ರಕ್ಕೆ ಅವರೆಲ್ಲ ಸಂಕಟದಲ್ಲಿದ್ದಾರೆ ಎಂದಲ್ಲ.

ವೃಷಣಕ್ಕೂ ಕಾದಾಟಕ್ಕೂ ಇರುವ ನಂಟನ್ನು ಪ್ರಯೋಗದ ಮೂಲಕ ಮೊದಲು ತೋರಿಸಿದ್ದು 1849ರಲ್ಲಿ, ಜರ್ಮನಿಯ ಗಾಟಿಂಗನ್‌ನಲ್ಲಿ. ಆರ್ನಾಲ್ಡ್ ಬರ್ಥೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದಾಗ ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು, ಜುಟ್ಟು ಬೆಳೆಯಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ಮತ್ತೆ ಕಸಿ ಮಾಡಿದ ಹುಂಜಗಳಲ್ಲಿ ಇವೆಲ್ಲ ಮರಳಿದವು. ಇಂದಿನ ಜನಪ್ರಿಯ ಬರಹಗಳು ಮನುಷ್ಯನ ಬಗ್ಗೆ ಮಾತಾಡುವಾಗಲೂ ಈ ಹುಂಜದ ಚಿತ್ರವೇ ಅವುಗಳ ತಲೆಯಲ್ಲಿರುತ್ತದೆ ಎಂದು ನನಗೆ ಅನ್ನಿಸುತ್ತದೆ. ಮನುಷ್ಯರ ವಿಷಯ ಅಷ್ಟು ನೇರವಾಗಿಲ್ಲ. ಹಕ್ಕಿಗಳ ವಿಷಯವೂ ಅಷ್ಟು ನೇರವಾಗಿಲ್ಲ ಎಂಬುದನ್ನು 1990ರಲ್ಲಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ಮಂಡಿಸಿದ ಸವಾಲಿನ ಸಿದ್ಧಾಂತ ತೋರಿಸಿತು: ಗಂಡುಹಕ್ಕಿಯ ಟೆಸ್ಟೋಸ್ಟಿರಾನ್ ಸದಾ ಎತ್ತರದಲ್ಲಿರುವುದಿಲ್ಲ, ಎದುರಾಳಿ ಬಂದಾಗ ಏರುತ್ತದೆ, ಮರಿಗಳನ್ನು ಸಾಕುವಾಗ ಇಳಿಯುತ್ತದೆ.

ಮೊದಲ ಪ್ರಶ್ನೆ: ಯಾವುದು ಮೊದಲು, ಯಾವುದು ಆಮೇಲೆ?

ಸುದ್ದಿಯಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ಹಾರ್ಮೋನನ್ನು ಅಳೆದದ್ದು ಗೆಲುವಿಗೆ ಮೊದಲೋ, ಗೆದ್ದ ಮೇಲೋ? ಗೆದ್ದ ಮೇಲೆ ಅಳೆದು, ಹೆಚ್ಚಿದೆ ಎಂದು ಕಂಡು, ಅದರಿಂದಲೇ ಗೆದ್ದರು ಎನ್ನುವುದು, ಮಳೆಗೆ ತುಂಬಿದ ಕೆರೆಯನ್ನು ತೋರಿಸಿ ಕೆರೆಯಿಂದಲೇ ಮಳೆ ಬಂತು ಎಂದಂತೆ. ಈ ಕ್ಷೇತ್ರದ ಹಳೆಯ ಪ್ರಯೋಗಗಳಲ್ಲಿ ಹೆಸರಾದವು ತೋರಿಸುವುದು ಹೆಚ್ಚಾಗಿ ಎರಡನೆಯ ದಿಕ್ಕನ್ನೇ, ಅಂದರೆ ಸ್ಥಾನಮಾನ ಬದಲಾದದ್ದರಿಂದ ಹಾರ್ಮೋನು ಬದಲಾದದ್ದನ್ನು.

ಅಮೆರಿಕದ ಸಮಾಜವಿಜ್ಞಾನಿ ಅಲನ್ ಮಜೂರ್ ಮತ್ತು ಥಿಯೊಡೋರ್ ಲ್ಯಾಂಬ್ 1980ರಲ್ಲಿ ಪ್ರಕಟಿಸಿದ ಕೆಲಸವನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಹಣದ ಬಹುಮಾನಕ್ಕಾಗಿ ಟೆನಿಸ್ ಡಬಲ್ಸ್ ಆಡಿಸಿದಾಗ, ಖಚಿತವಾಗಿ ಗೆದ್ದವರ ಟೆಸ್ಟೋಸ್ಟಿರಾನ್ ಸೋತವರದಕ್ಕಿಂತ ಮೇಲೆ ನಿಂತಿತು. ಅಷ್ಟೇ ಹಣವನ್ನು ಲಾಟರಿಯಲ್ಲಿ ಕೊಟ್ಟಾಗ ಅಂತಹ ಏರಿಕೆ ಕಾಣಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಪದವಿ ಪ್ರದಾನವಾದಾಗ, ಅಲ್ಲಿ ಮೈಯ ಆಯಾಸವೇನೂ ಇಲ್ಲದಿದ್ದರೂ, ಏರಿಕೆ ಕಂಡಿತು. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ತಿಳಿಯುವುದೇನೆಂದರೆ, ದೇಹವು ಪ್ರತಿಕ್ರಿಯಿಸುತ್ತಿರುವುದು ಹಣಕ್ಕೂ ಅಲ್ಲ, ಓಡಾಟಕ್ಕೂ ಅಲ್ಲ, ತನ್ನ ಪ್ರಯತ್ನದಿಂದ ಸ್ಥಾನವೊಂದು ದಕ್ಕಿತು ಎಂಬ ಅರಿವಿಗೆ. 1992ರಲ್ಲಿ ಚದುರಂಗದ ಆಟಗಾರರಲ್ಲಿ ಮಜೂರ್, ಬೂತ್ ಮತ್ತು ಡ್ಯಾಬ್ಸ್ ಕಂಡದ್ದೂ ಇಂಥದೇ.

ಆಡದೆ ಬರಿದೇ ನೋಡಿದವರಲ್ಲೂ ಇದು ಕಾಣುತ್ತದೆ. 1994ರ ಫುಟ್‌ಬಾಲ್ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಬ್ರೆಜಿಲ್ ತಂಡವು ಇಟಲಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ, ಟಿವಿಯ ಮುಂದೆ ಕುಳಿತಿದ್ದ ಬ್ರೆಜಿಲ್ ಅಭಿಮಾನಿಗಳ ಟೆಸ್ಟೋಸ್ಟಿರಾನ್ ಏರಿತು, ಇಟಲಿಯ ಅಭಿಮಾನಿಗಳದ್ದು ಇಳಿಯಿತು. 2008ರ ನವೆಂಬರ್ 4ರ ರಾತ್ರಿ ಒಬಾಮ ಗೆದ್ದರೆಂದು ಘೋಷಣೆಯಾದಾಗ, ಸೋತ ಅಭ್ಯರ್ಥಿಗಳಿಗೆ ಮತ ಹಾಕಿದ್ದ ಗಂಡಸರಲ್ಲಿ ಅದು ಕುಸಿಯಿತು, ಒಬಾಮರಿಗೆ ಮತ ಹಾಕಿದ್ದವರಲ್ಲಿ ಹಾಗೆಯೇ ಉಳಿಯಿತು, ಹೆಂಗಸರಲ್ಲಿ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ಅಭಿಮಾನಿಗಳ ಅಧ್ಯಯನದಲ್ಲಿ ಇದ್ದವರು ಸುಮಾರು ಇಪ್ಪತ್ತು ಮಂದಿ ಎಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಎದುರು ದಿಕ್ಕಿನಲ್ಲಿ, ಅಂದರೆ ಹಾರ್ಮೋನಿನಿಂದ ವರ್ತನೆಯ ಕಡೆಗೆ, ಏನೂ ಇಲ್ಲವೇ? ಇದೆ, ಆದರೆ ಸಣ್ಣದು. ಸಾಮಾನ್ಯ ಸ್ಥಿತಿಯಲ್ಲಿ ಅಳೆದ ಟೆಸ್ಟೋಸ್ಟಿರಾನ್‌ಗೂ ಆಕ್ರಮಣಶೀಲತೆಗೂ ಇರುವ ಸಹಸಂಬಂಧವನ್ನು ಹಲವು ಅಧ್ಯಯನಗಳನ್ನು ಕಲೆಹಾಕಿ ಲೆಕ್ಕ ಹಾಕಿದಾಗ ಅದು 0.1ಕ್ಕಿಂತ ಕಡಿಮೆಯೇ ಬಂದಿದೆ. ಶೂನ್ಯವೆಂದರೆ ಸಂಬಂಧವೇ ಇಲ್ಲ, ಒಂದೆಂದರೆ ಪೂರ್ತಿ ಹೊಂದಾಣಿಕೆ. ಒಬ್ಬ ವ್ಯಕ್ತಿಯ ರಕ್ತದ ವರದಿಯನ್ನು ನೋಡಿ ಅವನು ಜಗಳಗಂಟನೇ, ಮುಂದಾಳುವೇ ಎಂದು ಹೇಳುವುದಕ್ಕೆ ಇಷ್ಟು ಸಂಬಂಧ ಏನೇನೂ ಸಾಲದು.

ಎರಡನೆಯ ಪ್ರಶ್ನೆ: ಹೇಗೆ ಅಳೆದರು?

ಈ ಕ್ಷೇತ್ರದ ಬಹುಪಾಲು ಅಧ್ಯಯನಗಳು ರಕ್ತವನ್ನಲ್ಲ, ಜೊಲ್ಲನ್ನು ಅಳೆಯುತ್ತವೆ. ಸೂಜಿ ಚುಚ್ಚಿದರೆ ಆ ನೋವಿನಿಂದಲೇ ಕಾರ್ಟಿಸಾಲ್ ಏರಬಹುದಾದ್ದರಿಂದ ಇದಕ್ಕೆ ಕಾರಣವಿದೆ. ಪ್ರೋಟೀನಿಗೆ ಅಂಟದ ಸ್ವತಂತ್ರ ಭಾಗವೇ ಜೊಲ್ಲಿಗೆ ಇಳಿಯುತ್ತದೆ ಎಂಬ ಅನುಕೂಲವೂ ಉಂಟು. ಆದರೆ ಮಾದರಿ ತೆಗೆಯುವುದರಲ್ಲಿ ನಾಜೂಕು ಬಹಳ. ಕ್ರಮ ಹೀಗಿರಬೇಕು: ಮಾದರಿ ಕೊಡುವವರು ಸುಮಾರು ಒಂದು ಗಂಟೆ ಏನನ್ನೂ ತಿಂದಿರಬಾರದು; ಹಲ್ಲು ಉಜ್ಜಿರಬಾರದು, ಏಕೆಂದರೆ ವಸಡಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಬೆರೆತರೂ ಟೆಸ್ಟೋಸ್ಟಿರಾನ್ ಅಂಕಿ ಮೇಲೇರಿಬಿಡುತ್ತದೆ. ಹತ್ತು ನಿಮಿಷ ಮೊದಲೇ ನೀರಿನಿಂದ ಬಾಯಿ ಮುಕ್ಕಳಿಸಿ, ಆಮೇಲೆ ತಲೆ ಬಾಗಿಸಿ, ಬಾಯಲ್ಲಿ ತಾನಾಗಿ ಊರಿದ ಜೊಲ್ಲನ್ನು ಒಂದು ಸಣ್ಣ ಕೊಳವೆಯ ಮೂಲಕ ಪ್ಲಾಸ್ಟಿಕ್ ಶೀಶೆಗೆ ಇಳಿಸಬೇಕು. ಹತ್ತಿಯ ಉಂಡೆಯನ್ನು ಚೀಪಿಸಿ ಹಿಂಡುವ ಪದ್ಧತಿ ಕಾರ್ಟಿಸಾಲ್‌ಗೆ ನಡೆದೀತು, ಟೆಸ್ಟೋಸ್ಟಿರಾನ್‌ಗೆ ಅಲ್ಲ. ಹತ್ತಿಯೇ ಅಂಕಿಯನ್ನು ಕೆಡಿಸುತ್ತದೆ. ಶೀಶೆಯನ್ನು ತಕ್ಷಣ ಶೈತ್ಯಕ್ಕೆ ಸೇರಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡಬೇಕು.

ವೇಳೆಯೂ ಅಷ್ಟೇ ಮುಖ್ಯ. ಯುವಕರಲ್ಲಿ ಬೆಳಗಿನ ಟೆಸ್ಟೋಸ್ಟಿರಾನ್ ಸಂಜೆಯ ಹೊತ್ತಿಗೆ ಕಾಲು ಭಾಗದಷ್ಟು ಇಳಿಯುವುದು ಸಹಜ. ಪಂದ್ಯಕ್ಕೆ ಮೊದಲು ಬೆಳಿಗ್ಗೆಯೂ ಮುಗಿದ ಮೇಲೆ ಸಂಜೆಯೂ ಅಳೆದರೆ ಸೋತವನ ಹಾರ್ಮೋನು ಇಳಿಯಿತು ಎಂದು ಸುಲಭವಾಗಿ ಬರೆಯಬಹುದು, ಗೆದ್ದವನದ್ದೂ ಇಳಿದಿರುತ್ತದೆ. ಕಾರ್ಟಿಸಾಲ್ ಒತ್ತಡದ ಘಟನೆಯ 20ರಿಂದ 30 ನಿಮಿಷಗಳ ನಂತರ ಜೊಲ್ಲಿನಲ್ಲಿ ಶಿಖರ ಮುಟ್ಟುವುದರಿಂದ, ಘಟನೆ ಮುಗಿದ ಕೂಡಲೇ ತೆಗೆದ ಮಾದರಿಗೆ ಅರ್ಥ ಕಡಿಮೆ. ಹೆಂಗಸರನ್ನು ಸೇರಿಸಿಕೊಂಡ ಅಧ್ಯಯನವಾದರೆ ಇನ್ನೆರಡು ಸಂಗತಿಗಳನ್ನು ನೋಡಬೇಕು: ಗರ್ಭನಿರೋಧಕ ಮಾತ್ರೆ ಟೆಸ್ಟೋಸ್ಟಿರಾನ್ ಮಟ್ಟವನ್ನು ತಗ್ಗಿಸುತ್ತದೆ, ಹೆಂಗಸರಲ್ಲಿರುವಷ್ಟು ಕಡಿಮೆ ಪ್ರಮಾಣವನ್ನು ಪ್ರತಿಕಾಯಗಳನ್ನು ಬಳಸಿ ಅಳೆಯುವ ಸಾಮಾನ್ಯ ಇಮ್ಯುನೊ ಪರೀಕ್ಷೆಗಳು ಸರಿಯಾಗಿ ಹಿಡಿಯದೆ ಹೆಚ್ಚಾಗಿ ತೋರಿಸುತ್ತವೆ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಪದ್ಧತಿಯ ಅಂಕಿಗಳು ಹೆಚ್ಚು ನಂಬಿಕೆಗೆ ಅರ್ಹ. ಸುದ್ದಿಯಲ್ಲಿ ಈ ವಿವರಗಳು ಇರುವುದೇ ಇಲ್ಲ. ಮೂಲ ಪ್ರಬಂಧದ ವಿಧಾನ ಎಂಬ ಭಾಗವನ್ನು ತೆರೆದರೆ ಎರಡೇ ನಿಮಿಷದಲ್ಲಿ ಸಿಗುತ್ತವೆ.

ಮೂರನೆಯ ಪ್ರಶ್ನೆ: ಎಷ್ಟು ಜನ, ಇನ್ನೊಬ್ಬರು ಮಾಡಿ ನೋಡಿದರೇ?

ಇದನ್ನು ತಿಳಿಯಲು ಒಂದೇ ಉದಾಹರಣೆಯನ್ನು ಸಾವಕಾಶವಾಗಿ ನೋಡುವುದು ಒಳ್ಳೆಯದು. 2010ರಲ್ಲಿ ಡೇನಾ ಕಾರ್ನಿ, ಏಮಿ ಕಡ್ಡಿ ಮತ್ತು ಆಂಡಿ ಯಾಪ್ ಒಂದು ಪ್ರಬಂಧ ಪ್ರಕಟಿಸಿದರು. ಮೈಕೈ ಚಾಚಿ, ಜಾಗ ತುಂಬುವಂತೆ, ದೊರೆಯ ಠೀವಿಯಲ್ಲಿ ಒಟ್ಟು ಎರಡು ನಿಮಿಷ ಇದ್ದವರಲ್ಲಿ ಟೆಸ್ಟೋಸ್ಟಿರಾನ್ ಏರಿತು, ಕಾರ್ಟಿಸಾಲ್ ಇಳಿಯಿತು, ಅಪಾಯವನ್ನು ಎದುರಿಸುವ ಧೈರ್ಯ ಹೆಚ್ಚಿತು. ಮುದುಡಿ ಕೂತವರಲ್ಲಿ ಇದಕ್ಕೆ ವಿರುದ್ಧವಾಯಿತು ಎಂಬುದು ಅದರ ಸಾರಾಂಶ. ಭಾಗವಹಿಸಿದವರು 42 ಜನ. 2012ರಲ್ಲಿ ಕಡ್ಡಿಯವರು ಇದರ ಬಗ್ಗೆ ಮಾಡಿದ ಟೆಡ್ ಭಾಷಣ ಕೋಟ್ಯಂತರ ಜನರನ್ನು ಮುಟ್ಟಿತು. ಸಂದರ್ಶನಕ್ಕೆ ಮೊದಲು ಕನ್ನಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲಿರಿ ಎಂಬ ಸಲಹೆ ಎಲ್ಲ ಕಡೆ ಹಬ್ಬಿತು.

2015ರಲ್ಲಿ ಎವಾ ರಾನೆಹಿಲ್ ಮತ್ತು ಸಂಗಡಿಗರು 200 ಜನರಲ್ಲಿ ಅದನ್ನೇ ಮಾಡಿ ನೋಡಿದರು. ಹಾಗೆ ನಿಂತವರು ತಮಗೆ ಹೆಚ್ಚು ಬಲ ಬಂದಂತೆ ಅನ್ನಿಸಿತು ಎಂದೇನೋ ಹೇಳಿದರು. ಹಾರ್ಮೋನು ಮಾತ್ರ ಬದಲಾಗಲಿಲ್ಲ, ಅಪಾಯವನ್ನು ಎದುರಿಸುವ ವರ್ತನೆಯೂ ಬದಲಾಗಲಿಲ್ಲ. 2016ರಲ್ಲಿ ಮೂಲ ಪ್ರಬಂಧದ ಮೊದಲ ಲೇಖಕಿಯಾದ ಕಾರ್ನಿಯವರೇ, ಈ ಪರಿಣಾಮ ನಿಜವೆಂದು ತಾನು ಇನ್ನು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದು, ಭಾಗವಹಿಸಿದವರ ಸಂಖ್ಯೆ ತೀರ ಚಿಕ್ಕದಾಗಿತ್ತು, ಜನರನ್ನು ಕಂತುಕಂತಾಗಿ ಸೇರಿಸಿ ನಡುನಡುವೆ ಫಲಿತಾಂಶ ನೋಡುತ್ತಾ ಹೋಗಿದ್ದೆವು ಎಂಬ ಸಂಗತಿಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ವಿಜ್ಞಾನಿಯೊಬ್ಬರಿಂದ ಇದಕ್ಕಿಂತ ಹೆಚ್ಚಿನ ಪ್ರಾಮಾಣಿಕತೆಯನ್ನು ಬಯಸಲಾಗದು. ಇಷ್ಟಾದರೂ ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಆ ಎರಡು ನಿಮಿಷದ ಹಾರ್ಮೋನು ಕಥೆ ಇನ್ನೂ ಚಲಾವಣೆಯಲ್ಲಿದೆ.

ಆದ್ದರಿಂದ ಸುದ್ದಿಯಲ್ಲಿ ಅಧ್ಯಯನದ ವರ್ಷವನ್ನು ಗುರುತು ಹಾಕಿಕೊಂಡು, ಆ ಬಳಿಕ ಅದೇ ವಿಷಯದಲ್ಲಿ ದೊಡ್ಡ ಅಧ್ಯಯನವಾಗಲಿ, ಹಲವನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಾಗಲಿ ಬಂದಿದೆಯೇ ಎಂದು ಹುಡುಕಬೇಕು. ಗೆಲುವಿನ ಪರಿಣಾಮದ ಕುರಿತು ಅಂತಹ ವಿಶ್ಲೇಷಣೆಯೊಂದು 2017ರಲ್ಲಿ ಬಂತು: ಗೆದ್ದವರಿಗೂ ಸೋತವರಿಗೂ ನಡುವೆ ವ್ಯತ್ಯಾಸ ಇರುವುದು ನಿಜ, ಆದರೆ ಅದು ಚಿಕ್ಕದು, ಪ್ರಯೋಗಾಲಯದ ಕೃತಕ ಆಟಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹೊರಗಿನ ನಿಜವಾದ ಪಂದ್ಯಗಳಲ್ಲಿ ಹೆಚ್ಚು.

ನಾಲ್ಕನೆಯ ಪ್ರಶ್ನೆ: ಯಾರು, ಯಾವ ಊರಿನವರು, ಬದುಕಿನ ಯಾವ ಘಟ್ಟದಲ್ಲಿದ್ದವರು?

ಅಮೆರಿಕದ ಕಾಲೇಜು ಹುಡುಗರಲ್ಲಿ ಕಂಡದ್ದನ್ನು ಮನುಷ್ಯಕುಲಕ್ಕೆಲ್ಲ ಅನ್ವಯಿಸುವುದು ಈ ಬರಹಗಳ ಹಳೆಯ ಚಾಳಿ. ಬೊಲಿವಿಯಾದ ಕಾಡಂಚಿನಲ್ಲಿ ಬೇಟೆ ಮತ್ತು ಬೇಸಾಯದಿಂದ ಬದುಕುವ ತ್ಸಿಮಾನೆ ಗಂಡಸರ ಟೆಸ್ಟೋಸ್ಟಿರಾನ್ ಅಮೆರಿಕದ ಗಂಡಸರದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಸೋಂಕುಗಳ ಹೊರೆ ಹೊತ್ತು, ಮಿತವಾಗಿ ಉಂಡು, ದುಡಿಯುವ ದೇಹ ಅದನ್ನು ಕಡಿಮೆಯಲ್ಲೇ ಇಟ್ಟುಕೊಂಡಿರುತ್ತದೆ. ಹಾಗಿದ್ದೂ ಅವರು ಫುಟ್‌ಬಾಲ್ ಆಡಿದಾಗ ಅದು ಶೇಕಡ 30ರಷ್ಟು ಏರಿದ್ದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಅಂದರೆ ಎರಡು ಸಮಾಜಗಳ ಮೂಲಮಟ್ಟಗಳನ್ನು ಹೋಲಿಸಿ ಯಾರು ಹೆಚ್ಚು ಗಂಡಸು ಎಂದು ತೀರ್ಮಾನಿಸುವುದು ಹುರುಳಿಲ್ಲದ ಕೆಲಸ.

ಫಿಲಿಪೈನ್ಸ್‌ನ ಸೆಬು ನಗರದಲ್ಲಿ 624 ಯುವಕರನ್ನು 2005ರಲ್ಲಿಯೂ 2009ರಲ್ಲಿಯೂ ಅಳೆದ ಲೀ ಗೆಟ್ಲರ್ ಮತ್ತು ಸಂಗಡಿಗರ ಕೆಲಸ ಇನ್ನೂ ತಿಳಿವಳಿಕೆ ಕೊಡುವಂಥದು. ಮೊದಲು ಟೆಸ್ಟೋಸ್ಟಿರಾನ್ ಹೆಚ್ಚಿದ್ದ ಒಂಟಿ ಯುವಕರೇ ನಾಲ್ಕು ವರ್ಷಗಳಲ್ಲಿ ಸಂಗಾತಿಯನ್ನು ಪಡೆದು ತಂದೆಯಾಗುವ ಸಂಭವ ಹೆಚ್ಚಿತ್ತು. ತಂದೆಯಾದ ಮೇಲೆ ಅವರದೇ ಮಟ್ಟ ಗಣನೀಯವಾಗಿ ಇಳಿಯಿತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕಾಲ ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಇನ್ನೂ ಕಡಿಮೆ ಇತ್ತು. ಕೂಸನ್ನು ಎತ್ತಿಕೊಳ್ಳುವ ತಂದೆಯ ಹಾರ್ಮೋನು ಇಳಿದರೆ ಅದು ಸೋಲಿನ ಗುರುತಲ್ಲ ಎಂಬುದನ್ನು ವಿಂಗ್‌ಫೀಲ್ಡರ ಹಕ್ಕಿಗಳೇ ಮೊದಲು ಹೇಳಿದ್ದವು. ಹೆಂಗಸರ ವಿಷಯದಲ್ಲಿ ಅಧ್ಯಯನಗಳು ಕಡಿಮೆ. ಆದರೂ 2015ರ ಒಂದು ಪ್ರಯೋಗದಲ್ಲಿ, ಕೈಕೆಳಗಿನವನನ್ನು ಕೆಲಸದಿಂದ ತೆಗೆದುಹಾಕುವ ಮೇಲಧಿಕಾರಿಯ ಪಾತ್ರವನ್ನು ಅಭಿನಯಿಸಿದ ನಟಿಯರಲ್ಲಿ ಟೆಸ್ಟೋಸ್ಟಿರಾನ್ ಏರಿದ್ದು ಕಂಡಿದೆ. ಅಧಿಕಾರ ಚಲಾಯಿಸುವ ಅವಕಾಶ ಯಾರಿಗೆ ಸಿಗುತ್ತದೆ ಎಂಬುದೇ ಗಂಡು ಹೆಣ್ಣಿನ ನಡುವಿನ ಅಂತರದ ಒಂದು ಭಾಗಕ್ಕೆ ಕಾರಣವಾಗಿರಬಹುದು ಎಂಬ ಅನುಮಾನಕ್ಕೆ ಇದು ಎಡೆ ಮಾಡಿತು.

ಇಲ್ಲಿಯೇ ಇನ್ನೊಂದು ವಿವೇಚನೆ ಅಗತ್ಯ. ಹೆದರಿಸಿ ಪಡೆದ ಸ್ಥಾನ ಬೇರೆ, ವಿದ್ಯೆ ಅಥವಾ ಕಸುಬಿನ ಹಿರಿಮೆಯಿಂದ ಜನ ತಾವಾಗಿ ಕೊಟ್ಟ ಸ್ಥಾನ ಬೇರೆ. 2001ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ ಈ ಎರಡನ್ನು ಪ್ರತ್ಯೇಕಿಸಿದರು. ಊರ ಪುಂಡನಿಗೂ ಸಂಗೀತದ ಮೇಷ್ಟರಿಗೂ ಜನ ದಾರಿ ಬಿಡುತ್ತಾರೆ, ಕಾರಣ ಮಾತ್ರ ಒಂದೇ ಅಲ್ಲ. ಅಧ್ಯಯನವು ಅಳೆದದ್ದು ಇವುಗಳಲ್ಲಿ ಯಾವುದನ್ನು ಎಂಬುದನ್ನು ನೋಡದೆ ಸ್ಥಾನಮಾನ ಎಂಬ ಒಂದೇ ಮಾತನ್ನು ನಂಬಿಕೊಂಡು ಹೋಗಬಾರದು.

ಕಾರ್ಟಿಸಾಲ್ ಬಂದಾಗ

ಕೆಳಗಿನವರಿಗೆ ಒತ್ತಡ ಹೆಚ್ಚು, ಮೇಲಿನವರಿಗೆ ಕಡಿಮೆ ಎಂಬ ಸೂತ್ರವನ್ನು ಕಂಡಾಗ, ಆ ಏಣಿ ಗಟ್ಟಿಯಾಗಿತ್ತೇ ಅಲುಗಾಡುತ್ತಿತ್ತೇ ಎಂದು ಕೇಳಬೇಕು. ಕೆನ್ಯಾದ ಮಸಾಯಿ ಮಾರಾದಲ್ಲಿ ಬಬೂನ್‌ಗಳನ್ನು ದಶಕಗಳ ಕಾಲ ನೋಡಿದ ರಾಬರ್ಟ್ ಸಪೋಲ್ಸ್ಕಿ, ಶ್ರೇಣಿ ಸ್ಥಿರವಾಗಿದ್ದಾಗ ಮೇಲಿನ ಗಂಡುಗಳ ಒತ್ತಡದ ಹಾರ್ಮೋನು ಕಡಿಮೆ ಇರುವುದನ್ನೂ, ಶ್ರೇಣಿ ಅಸ್ಥಿರವಾದಾಗ ಆ ಅನುಕೂಲ ಇಲ್ಲವಾಗುವುದನ್ನೂ ಕಂಡರು. 2011ರಲ್ಲಿ ಅದೇ ದೇಶದ ಅಂಬೋಸೆಲಿಯಿಂದ ಬಂದ ವರದಿ ಇನ್ನೂ ಕುತೂಹಲಕರ: ಎಲ್ಲರಿಗಿಂತ ಮೇಲಿದ್ದ ಗಂಡಿನ ಒತ್ತಡದ ಹಾರ್ಮೋನು ಎರಡನೆಯ ಸ್ಥಾನದಲ್ಲಿದ್ದದ್ದಕ್ಕಿಂತ ಹೆಚ್ಚಿತ್ತು.

ಮನುಷ್ಯರಲ್ಲಿ, 2012ರಲ್ಲಿ ಹಾರ್ವರ್ಡ್‌ನ ತರಬೇತಿಗೆ ಬಂದಿದ್ದ ಸೇನಾಧಿಕಾರಿಗಳು ಮತ್ತು ಸರಕಾರಿ ಅಧಿಕಾರಿಗಳಲ್ಲಿ ಮುಂದಾಳುಗಳ ಕಾರ್ಟಿಸಾಲ್ ಇತರರಿಗಿಂತ ಕಡಿಮೆ ಎಂದು ಕಂಡಿತು. ತಮ್ಮ ಕೆಲಸದ ಮೇಲೆ ಹಿಡಿತವಿದೆ ಎಂಬ ಭಾವನೆಯೊಂದಿಗೆ ಅದು ತಳುಕು ಹಾಕಿಕೊಂಡಿತ್ತು. ಆದರೆ ಸಹಜವಾಗಿ ಕಾರ್ಟಿಸಾಲ್ ಕಡಿಮೆ ಇರುವವರೇ ಮೇಲೇರಿರಬಹುದಲ್ಲ? ಒಂದೇ ಸಲ ಅಳೆದ ಅಧ್ಯಯನ ಇದಕ್ಕೆ ಉತ್ತರ ಕೊಡಲಾರದು. ಸ್ಥಾನಮಾನ ಆರೋಗ್ಯವನ್ನು ಮುಟ್ಟುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ 1967ರಲ್ಲಿ ಲಂಡನ್ನಿನ ಸರಕಾರಿ ನೌಕರರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಿಂದ ದೊರೆತಿದೆ. ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರ ಮೂರು ಪಟ್ಟಿಗೂ ಮಿಕ್ಕಿತ್ತು, ಧೂಮಪಾನ ಮತ್ತು ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರದ ಬಹುಭಾಗ ಉಳಿಯಿತು. ಅದನ್ನೆಲ್ಲ ಕಾರ್ಟಿಸಾಲ್ ಒಂದರ ತಲೆಗೆ ಕಟ್ಟುವುದು ಮಾತ್ರ ಆತುರ. ಟೆಸ್ಟೋಸ್ಟಿರಾನ್ ಹೆಚ್ಚಿದ್ದು ಕಾರ್ಟಿಸಾಲ್ ಕಡಿಮೆ ಇದ್ದರಷ್ಟೇ ಮೇಲುಗೈ ಎಂಬ, 2010ರಲ್ಲಿ ಮಂಡಿತವಾದ ಜೋಡಿ ಹಾರ್ಮೋನು ಸಿದ್ಧಾಂತಕ್ಕೂ 2019ರ ವಿಶ್ಲೇಷಣೆಯಲ್ಲಿ ಸಿಕ್ಕ ಆಧಾರ ತೀರ ತೆಳುವಾಗಿತ್ತು.

ಹಾರ್ಮೋನನ್ನೇ ಕೊಟ್ಟು ನೋಡಿದಾಗ

ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲಕ್ಕೆ ನೇರವಾದ ಮದ್ದೆಂದರೆ, ಕೆಲವರಿಗೆ ಹಾರ್ಮೋನನ್ನೂ ಕೆಲವರಿಗೆ ಮದ್ದಿಲ್ಲದ ಹುಸಿ ಗುಳಿಗೆಯನ್ನೂ, ಯಾರಿಗೆ ಯಾವುದು ಎಂದು ತಿಳಿಸದೆ ಕೊಡುವುದು. 2010ರಲ್ಲಿ ಕ್ರಿಸ್ಟೋಫ್ ಐಸೆನೆಗರ್ ಮತ್ತು ಸಂಗಡಿಗರು ಹೆಂಗಸರಿಗೆ ನಾಲಗೆಯಡಿ ಅರ್ಧ ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಕೊಟ್ಟು, ಹಣ ಹಂಚಿಕೊಳ್ಳುವ ಆಟವನ್ನು ಆಡಿಸಿದರು. ಒಬ್ಬಳು ಪಾಲು ಹೇಳಬೇಕು, ಇನ್ನೊಬ್ಬಳು ಒಪ್ಪದಿದ್ದರೆ ಇಬ್ಬರಿಗೂ ಏನೂ ಇಲ್ಲ. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾದ ಪಾಲನ್ನು ಮುಂದಿಟ್ಟರು. ತಮಗೆ ಟೆಸ್ಟೋಸ್ಟಿರಾನ್ ಕೊಟ್ಟಿದ್ದಾರೆ ಎಂದು ನಂಬಿದವರು, ನಿಜವಾಗಿ ಪಡೆದಿರಲಿ ಬಿಡಲಿ, ಜಿಪುಣತನ ತೋರಿಸಿದರು. ತಿರಸ್ಕಾರಕ್ಕೆ ಗುರಿಯಾಗದೆ ಮಾನ ಉಳಿಸಿಕೊಳ್ಳುವ ದಾರಿ ಆ ಆಟದಲ್ಲಿ ಉದಾರತೆಯಾಗಿತ್ತು ಎಂಬುದು ಸಂಶೋಧಕರ ವ್ಯಾಖ್ಯಾನ. ಹಾರ್ಮೋನು ಒರಟುತನವನ್ನು ಹುಟ್ಟಿಸುತ್ತದೆ ಎಂದು ಬರೆಯುವವರು ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಉಲ್ಲೇಖಿಸುವುದನ್ನು ನಾನು ಕಂಡದ್ದು ಅಪರೂಪ.

ಸ್ವಂತ ವರದಿ ಕೈಯಲ್ಲಿದ್ದರೆ

ಇಂತಹ ಬರಹಗಳನ್ನು ಓದಿ ಲ್ಯಾಬಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುವವರು ಈಗ ಅನೇಕರಿದ್ದಾರೆ. ಸ್ಥಾನಮಾನದ ಪ್ರಶ್ನೆಗೆ ಆ ವರದಿಯಲ್ಲಿ ಉತ್ತರವಿಲ್ಲ. ಲೈಂಗಿಕ ಆಸಕ್ತಿ ತೀರ ಕುಗ್ಗುವುದು, ಮೈಮೇಲಿನ ಕೂದಲು ಉದುರುವುದು ಮೊದಲಾದ ಲಕ್ಷಣಗಳಿದ್ದರೆ ಪರೀಕ್ಷೆಗೆ ಅರ್ಥವಿದೆ; ಆಗಲೂ ಅದನ್ನು ಬರಿಹೊಟ್ಟೆಯಲ್ಲಿ, ಬೆಳಿಗ್ಗೆಯೇ, ಬೇರೆ ಬೇರೆ ಎರಡು ದಿನ ಮಾಡಿಸಬೇಕು. ಜ್ವರ ಬಂದಾಗ ಮಾಡಿಸಬಾರದು. ನಿದ್ದೆಗೆಟ್ಟ ವಾರದ ಅಂಕಿಯನ್ನೂ ನೆಚ್ಚಬಾರದು: 2011ರ ಒಂದು ಚಿಕ್ಕ ಅಧ್ಯಯನದಲ್ಲಿ, ವಾರವಿಡೀ ದಿನಕ್ಕೆ ಐದೇ ಗಂಟೆ ಮಲಗಿದ ಯುವಕರ ಹಗಲಿನ ಟೆಸ್ಟೋಸ್ಟಿರಾನ್ ಶೇಕಡ 10ರಿಂದ 15ರಷ್ಟು ಇಳಿದಿತ್ತು. ಬೊಜ್ಜಿದ್ದವರಲ್ಲಿ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನೇ ಕಡಿಮೆ ಇರುವುದರಿಂದ ಒಟ್ಟು ಅಂಕಿ ತಗ್ಗಿ ಕಾಣುತ್ತದೆ. ಅಂಥವರು ಸ್ವತಂತ್ರ ಭಾಗದ ಲೆಕ್ಕವನ್ನೂ ವೈದ್ಯರಲ್ಲಿ ಕೇಳಬೇಕು.

ಪೈಪೋಟಿಯಲ್ಲಿ ಮುಂದೆ ಬರಲೆಂದು ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುವ ಯೋಚನೆಯಿರುವ ಯುವಕರು ತಿಳಿದಿರಬೇಕಾದದ್ದು ಇಷ್ಟು. ಹೊರಗಿನಿಂದ ಹಾರ್ಮೋನು ಬಂದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಉತ್ಪತ್ತಿ ಇಳಿಯುತ್ತದೆ. ಈ ಪರಿಣಾಮ ಎಷ್ಟು ಖಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯು 1990ರ ಹೊತ್ತಿಗೆ ವಾರಕ್ಕೊಂದು ಟೆಸ್ಟೋಸ್ಟಿರಾನ್ ಚುಚ್ಚುಮದ್ದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು, ಬಹುಪಾಲು ಮಂದಿಯಲ್ಲಿ ಆರು ತಿಂಗಳೊಳಗೆ ವೀರ್ಯಾಣುಗಳು ಇಲ್ಲವಾಗಿದ್ದವು. ಮದ್ದು ಬಿಟ್ಟ ಮೇಲೆ ಚೇತರಿಕೆಗೆ ತಿಂಗಳುಗಳೇ ಹಿಡಿಯುತ್ತವೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು, ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಹೋದಾಗ ಈ ಸಂಗತಿಯನ್ನು ಸಂಕೋಚದಿಂದ ಮುಚ್ಚಿಡದೆ ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸಬೇಕು, ಮದ್ದಿನ ಶೀಶೆಯನ್ನೂ ಜೊತೆಗೆ ಒಯ್ಯಬೇಕು.